ನಂದು ಅಲ್ಲೇ ಆಯ್ತು

ಮುಂದಿನ ಕೋಣೆಯ ಅಗ್ಗಿಷ್ಟಿಕೆಗೆ ಬೆಂಕಿ ಬಿದ್ದದ್ದು ಕ್ರಿಸ್‌ಮಸ್ ಆದ ಮೇಲೆ ಅದೇ ಮೊದಲು. ಮಂಗಳವಾರ ಕೆಲಸಕ್ಕೆ ರಜೆಯಿದ್ದ ಟ್ರೀಸಾ ಬೆಳಿಗ್ಗೆ ಹತ್ತು ಗಂಟೆಗೇ ಬಕೆಟ್ ತುಂಬ ಇದ್ದಿಲು ತಂದು ಸುರಿದು, ಮೊಣಕಾಲೂರಿ ಊದುತ್ತಿದ್ದಳು.

"ಬರೋದು ಬಿಷಪ್ಪೇನೇ? ಒಂದು ವಾರದ ಇದ್ದಿಲು ಒಂದೇ ದಿನ ಸುಡ್ತೀಯಲ್ಲ," ಎಂದು ಅವಳ ಅತ್ತೆ ನೋನಿ ಊರುಗೋಲಿನ ಮೇಲೆ ಬಾಗಿ ಕೇಳಿದಳು.

"ಬಿಷಪ್ ಆಗಿದ್ರೆ ಎರಡು ಬಕೆಟ್ ಹಾಕ್ತಿದ್ದೆ ಅತ್ತೆ. ಇವರು ಬರ್ಕೊಂಡು ಹೋಗೋರು. ಆ ಮನೆ ಗಡಗಡ ನಡುಗ್ತಿತ್ತು ಅಂತ ಬರ್ಕೊಂಡು ಹೋಗೋದು ಬೇಡ."

"ಬೆಂಕಿ ನೋಡಿ ಸಾಹುಕಾರರು ಅಂತ ಬರ್ಕೊಂಡ್ರೆ?"

"ಬರ್ಕೊಳ್ಳಲಿ."

ಟ್ರೀಸಾಳ ಮಗಳು ಗ್ರಾನ್ಯಾ ಬಾಗಿಲ ಹಿಂದಿನ ಮೂಲೆಯಲ್ಲಿ ಕಪ್ಪುಗಳನ್ನು ಒರೆಸುತ್ತ ನಿಂತಿದ್ದಳು. ಅವಳಿಗೆ ಹತ್ತೊಂಬತ್ತು. ಅಜ್ಜಿ ಸೊಂಟ ಮುರಿದುಕೊಂಡ ವರ್ಷ, ಅಮ್ಮನ ಕೆಲಸ ತಪ್ಪಬಾರದೆಂದು ಶಾಲೆ ಬಿಟ್ಟವಳು ಮತ್ತೆ ಹೋಗಲಿಲ್ಲ. ಅಪರಿಚಿತರು ಬಂದರೆ ಅವಳ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಆದರೆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಈಗಲೂ ಅವಳು ಅಮ್ಮನ ಉಂಗುರವನ್ನು ನೋಡುತ್ತಿದ್ದಳು. ಮದುವೆಯ ಉಂಗುರ ಜಾರಬಾರದೆಂದು ಅದರ ಕೆಳಭಾಗಕ್ಕೆ ಹೊಲಿಗೆ ದಾರ ಸುತ್ತಿತ್ತು. ಹೋದ ತಿಂಗಳು ಆ ದಾರ ಇರಲಿಲ್ಲ.

ಬಂದ ಹೆಂಗಸಿನ ಹೆಸರು ಫಿಡೆಲ್ಮಾ. ಕಾರ್ಲೋ ಊರಿನ ಕಡೆಯವಳು, ಐವತ್ತರ ಆಸುಪಾಸು, ಕೊಡೆ ಮಡಚುವ ಮುಂಚೆಯೇ ಕ್ಷಮೆ ಕೇಳುವಂಥವಳು. ಸರ್ಕಾರದ ಸಮೀಕ್ಷೆಗೆಂದು ದೇಶದ ಮನೆಗಳಲ್ಲಿ ಯಾರಿಗೆ ಏನಿದೆ, ಯಾರಿಗೆ ಏನಿಲ್ಲ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ವಾಟರ್‌ಫರ್ಡ್ ಊರಿನ ಈ ಬೀದಿಯಲ್ಲಿ ಚೀಟಿ ಎತ್ತಿದ ಹಾಗೆ ಇವರ ಮನೆ ಬಂದಿತ್ತು.

"ಟೀ ಕುಡೀತೀರಾ?" ಎಂದಳು ಟ್ರೀಸಾ.

"ಅಯ್ಯೋ ಬೇಡ, ಈಗ ತಾನೇ ಕುಡಿದು ಬಂದೆ."

"ಒಂದು ಗುಟುಕು?"

"ಇಲ್ಲ ಇಲ್ಲ, ನಿಮಗ್ಯಾಕೆ ತೊಂದರೆ."

"ನೀರು ಹೇಗೂ ಕುದೀತಾ ಇದೆ."

"ಹಾಗಾದ್ರೆ ಅರ್ಧ ಕಪ್ಪು."

ಪೂರ್ತಿ ಕಪ್ಪು ಬಂತು, ತಟ್ಟೆಯಲ್ಲಿ ಬಿಸ್ಕತ್ತು ಬಂತು. ಎಲ್ಲ ಸರಿಯಾಗಿ ನಡೆಯಿತು. ಮೊದಲನೇ ಸಲಕ್ಕೇ ಹೂಂ ಎನ್ನುವವರನ್ನು ಆ ಬೀದಿಯಲ್ಲಿ ಹೊಟ್ಟೆಬಾಕರೆನ್ನುತ್ತಿದ್ದರು. ಮೂರನೇ ಸಲ ಕೇಳದವರನ್ನು ಜಿಪುಣರೆನ್ನುತ್ತಿದ್ದರು.

ಫಿಡೆಲ್ಮಾ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಓದಿದಳು. "ಮನೆ ಬೆಚ್ಚಗಿಟ್ಟುಕೊಳ್ಳೋಕೆ ಆಗುತ್ತಾ?"

"ನೀವೇ ನೋಡ್ತಿದೀರಲ್ಲ."

"ಎಲ್ಲರಿಗೂ ಎರಡೆರಡು ಜೊತೆ ಗಟ್ಟಿ ಶೂ?"

"ಇದೆ."

"ಮಳೆ ತಡೆಯೋ ಬೆಚ್ಚನೆ ಕೋಟು?"

"ಇದೆ." ಟ್ರೀಸಾಳದೂ ಗ್ರಾನ್ಯಾಳದೂ ಒಂದೇ ಕೋಟು. ಇಬ್ಬರೂ ಒಟ್ಟಿಗೆ ಹೊರಗೆ ಹೋಗುತ್ತಿರಲಿಲ್ಲ, ಅಷ್ಟೆ.

"ಕಳೆದ ಎರಡು ವಾರದಲ್ಲಿ ಯಾವುದಾದ್ರೂ ದಿನ ಸರಿಯಾದ ಊಟ ಇಲ್ಲದೆ ಕಳೆದಿದ್ದು ಉಂಟಾ?"

"ಇಲ್ಲ ಇಲ್ಲ."

ಪ್ರತಿ ಉತ್ತರಕ್ಕೂ ಪೆನ್ನು ಟಕ್ಕನೆ ಗೀಟು ಹಾಕಿ ಮುಂದೆ ಹೋಗುತ್ತಿತ್ತು. ಟೀಗೆ ಮೂರು ಸಲ ಕೇಳಿಸಿಕೊಂಡವಳು ಊಟದ ವಿಷಯ ಒಂದೇ ಸಲ ಕೇಳಿದ್ದನ್ನು ಗ್ರಾನ್ಯಾ ಗಮನಿಸಿದಳು. ಆದರೆ ಅದು ಗಮನಿಸುವಂಥದ್ದು ಎಂದು ಆಗ ಅವಳಿಗೆ ಅನ್ನಿಸಲಿಲ್ಲ.

ಹೊರಡುವಾಗ ಫಿಡೆಲ್ಮಾ ನಾಲ್ಕು ತೆಳ್ಳನೆಯ ಹಸಿರು ಪುಸ್ತಕ ಕೊಟ್ಟಳು. ಎರಡು ವಾರ, ಮನೆಯ ನಾಲ್ವರೂ ತಾವು ದಿನಾ ಏನು ತಿಂದೆವು ಅಂತ ಬರೆಯಬೇಕು. ಅವರವರದು ಅವರೇ ಬರೆಯಬೇಕು, ಒಬ್ಬರದನ್ನು ಇನ್ನೊಬ್ಬರು ನೋಡಬಾರದು.

"ನಂಗೆ ಅಕ್ಷರ ಕಾಣಲ್ಲ ಮಗಳೇ," ಎಂದಳು ನೋನಿಯಜ್ಜಿ.

"ಮೊಮ್ಮಗಳು ಬರೀಲಿ. ಅಲ್ವಾಮ್ಮ?" ಎಂದು ಫಿಡೆಲ್ಮಾ ಮೂಲೆಯತ್ತ ನಕ್ಕಳು. ಗ್ರಾನ್ಯಾ ಕಪ್ಪು ಒರೆಸುತ್ತ ತಲೆಯಾಡಿಸಿದಳು. ಅದೇ ಕಪ್ಪನ್ನು ಅವಳು ನಾಲ್ಕನೇ ಸಲ ಒರೆಸುತ್ತಿದ್ದಳು.

ಮರುದಿನ ಸಂಜೆ ಆರಕ್ಕೆ ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಊಟ. ಅಲ್ಲಿ ಮೂರು ಕುರ್ಚಿ. ಹಿಂದೆ ಮೂವರಿಗೆ ಸರಿಹೋಗುತ್ತಿತ್ತು. ಡಿಸೆಂಬರಿನಲ್ಲಿ ಡೆಕ್ಲನ್ ವಾಪಸ್ ಬಂದ ಮೇಲೆ ನಾಲ್ವರಾದರು. ಡೆಕ್ಲನ್ ಗ್ರಾನ್ಯಾಳ ಅಣ್ಣ, ಗೋಡೆಗಳಿಗೆ ಗಾರೆ ಮೆತ್ತುವ ಕೆಲಸದವನು. ಕಟ್ಟುತ್ತಿದ್ದ ಮನೆಗಳು ಅರ್ಧಕ್ಕೆ ನಿಂತು, ಬಾಡಿಗೆ ಮನೆ ಹೋಗಿ, ಅವನು ಹಡಗುಕಟ್ಟೆಯ ಹತ್ತಿರ ತನ್ನ ವ್ಯಾನಿನಲ್ಲೇ ಮೂರು ವಾರ ಮಲಗಿದ್ದ. ಮನೆಗೆ ಹೇಳಿರಲಿಲ್ಲ. ಯಾರೋ ನೋಡಿ ಟ್ರೀಸಾಳಿಗೆ ತಿಳಿಸಿದರು. ಅವಳು ಹೋಗಿ ಗಾಜು ತಟ್ಟಿದಾಗ ಒಳಗಿನಿಂದ ಗಾಜಿಗೆ ಹಿಮ ಕಟ್ಟಿತ್ತಂತೆ. ಆ ವ್ಯಾನೂ ಈಗ ಮಾರಿಹೋಗಿತ್ತು.

ಬಡಿಸುವುದು ಅಜ್ಜಿಯ ಅಧಿಕಾರ. ಹೆಚ್ಚು ಹೊತ್ತು ನಿಲ್ಲಲಾಗದಿದ್ದರೂ ದೊಡ್ಡ ಚಮಚ ಅವಳ ಕೈಯಲ್ಲೇ. ಮೊದಲು ಡೆಕ್ಲನ್ನಿಗೆ: ನಾಲ್ಕು ಆಲೂಗಡ್ಡೆ, ಎಲೆಕೋಸು, ಬೇಯಿಸಿದ ಹಂದಿಮಾಂಸದ ದಪ್ಪನೆಯ ತುಂಡು. ಆಮೇಲೆ ತನಗೆ, ಗ್ರಾನ್ಯಾಳಿಗೆ. ಆಮೇಲೆ ಚಮಚ ಪಾತ್ರೆಯ ತಳ ಕೆರೆಯುತ್ತ, "ಟ್ರೀಸಾ, ನಿಂಗೆ?"

"ನಂದು ಅಲ್ಲೇ ಆಯ್ತು ಅತ್ತೆ."

ಅಲ್ಲಿ ಎಂದರೆ ಅವಳು ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುವ ವೃದ್ಧಾಶ್ರಮದ ಅಡುಗೆಮನೆ. ಬೆಳಿಗ್ಗೆ ಏಳಕ್ಕೆ ಹೋದರೆ ಐದಕ್ಕೆ ಬರುತ್ತಿದ್ದಳು. ಬಂದು ಒಲೆಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಯಲ್ಲಿ ಟೀ ಕಪ್ಪು ಹಿಡಿದು, ಉಳಿದವರು ತಿನ್ನುವುದನ್ನು ನೋಡುತ್ತಿದ್ದಳು.

"ಅಲ್ಲಿ ದಿನಾ ಹಬ್ಬ ಅನ್ನು. ನನ್ನನ್ನೂ ಸೇರಿಸಮ್ಮ, ನಾನೂ ಮುದುಕ ಆಗ್ತೀನಿ," ಎಂದ ಡೆಕ್ಲನ್.

"ಮೊದಲು ಗಡ್ಡ ಬೋಳಿಸು. ಹಂಗೇ ಬಂದ್ರೆ ಮುದುಕಿಯರು ಹೆದರ್ಕೋತಾರೆ."

ಊಟವಾದ ಮೇಲೆ ಪುಸ್ತಕಗಳು. ಡೆಕ್ಲನ್ ಪುಟದ ತುಂಬ ದಪ್ಪ ಅಕ್ಷರದಲ್ಲಿ ಬರೆದು ಮುಗಿಸುತ್ತಿದ್ದ. ಅಜ್ಜಿ ಹೇಳಿ ಬರೆಸುತ್ತಿದ್ದಳು.

"ಬರಿ, ಒಂದು ಇಡೀ ಮಾಂಸದ ತುಂಡು."

"ಅರ್ಧ ಅಜ್ಜಿ. ಇನ್ನರ್ಧ ಅಣ್ಣನ ತಟ್ಟೆಗೆ ಹಾಕಿದ್ರಿ."

"ನನ್ನ ತಟ್ಟೆಗೆ ಇಡೀದು ಬಂತು. ಆಮೇಲೆ ಅದು ಎಲ್ಲಿಗೆ ಹೋಯ್ತು ಅಂತ ಆ ಬರ್ಕೊಂಡು ಹೋಗೋಳು ಕೇಳಿಲ್ಲ. ಬರಿ."

ಟ್ರೀಸಾ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತೇ ಬರೆಯುತ್ತಿದ್ದಳು, ಎಡಗೈ ಅಡ್ಡ ಹಿಡಿದು, ಸರಸರನೆ, ಯೋಚಿಸದೆ. ಗ್ರಾನ್ಯಾಳಿಗೆ ಅದೊಂದು ವಿಚಿತ್ರವಾಗಿ ಕಂಡಿತು. ಮಧ್ಯಾಹ್ನ ತಿಂದದ್ದನ್ನು ನೆನಪು ಮಾಡಿಕೊಳ್ಳಲು ಉಳಿದವರೆಲ್ಲ ಒಂದು ಕ್ಷಣ ಮೇಲೆ ನೋಡುತ್ತಿದ್ದರು. ಅಮ್ಮ ನೋಡುತ್ತಿರಲಿಲ್ಲ.

ಎರಡನೇ ವಾರದ ಸೋಮವಾರ ಬೆಳಿಗ್ಗೆ ಜಗಳವಾಯಿತು. ಬೇಕರಿಯಿಂದ ಗ್ರಾನ್ಯಾ ತಂದಿಟ್ಟಿದ್ದ ನಾಲ್ಕು ಬ್ಲಾ, ಆ ಊರಿನ ಹಿಟ್ಟು ಉದುರುವ ಮೆತ್ತನೆಯ ಬನ್ನು, ಡಬ್ಬಿಯಲ್ಲಿ ಇರಲಿಲ್ಲ.

"ನಾಲ್ಕೂ ತಿಂದ್ಯಾ?" ಎಂದು ಅವಳು ಅಣ್ಣನನ್ನು ಕೇಳಿದಳು.

"ಮೂರು. ಅಜ್ಜಿ ಒಂದು ತಿಂದ್ರು."

"ಅಮ್ಮ ಬೆಳಿಗ್ಗೆ ಬರೀ ಹೊಟ್ಟೇಲಿ ಹೋದ್ಲು ಕಣೋ!"

"ಅವಳಿಗೆ ಅಲ್ಲಿ ಕೊಡ್ತಾರಲ್ಲ! ನಾನು ಕೇಳ್ದೆ, ತಗೋತೀಯಾ ಅಂತ. ಬೇಡ ಅಂದ್ಲು. ಏನು ಬಾಯಿಗೆ ತುರುಕ್ಬೇಕಿತ್ತಾ?"

"ಗಂಡಸು ಕೆಲಸ ಹುಡುಕ್ತಾ ದಿನಾ ಎಷ್ಟು ದೂರ ನಡೀತಾನೆ," ಎಂದು ಅಜ್ಜಿ ನಡುವೆ ಬಂದಳು. "ತಿನ್ಲಿ ಬಿಡು. ಬದುಕಿದ್ದಾಗ ಇವರಪ್ಪನೂ ಹೀಗೇ ತಿಂತಿದ್ದ."

ಡೆಕ್ಲನ್ ಮುಖ ಕೆಂಪಗಾಯಿತು. "ನಾನು ಹೆಚ್ಚು ತಿಂತಿದೀನಿ ಅಂದ್ರೆ ನೇರವಾಗಿ ಹೇಳು ಗ್ರಾನ್ಯಾ. ಇವತ್ತೇ ಹೊರಡ್ತೀನಿ. ನಂಗೇನು, ಎಲ್ಲಾದ್ರೂ ಮಲಗಿ ಅಭ್ಯಾಸ ಇದೆ." ಬಾಗಿಲು ಬಡಿದುಕೊಂಡು ಹೋದ. ಸಂಜೆ ಮಳೆಯಲ್ಲಿ ನೆನೆದು ಬಂದ. ಟ್ರೀಸಾ ಗ್ರಾನ್ಯಾಳ ಕಡೆ ನೋಡಿದ ನೋಟಕ್ಕೆ ಅವಳು ಒಂದು ವಾರಕ್ಕಾಗುವಷ್ಟು ಮಾತು ನುಂಗಿಕೊಂಡಳು.

ಗುರುವಾರ ಟ್ರೀಸಾ ಕನ್ನಡಕ ಮರೆತು ಹೋದಳು. ಕನ್ನಡಕವಿಲ್ಲದೆ ಅವಳಿಗೆ ಮಾತ್ರೆ ಡಬ್ಬಿಗಳ ಮೇಲಿನ ಹೆಸರು ಕಾಣುವುದಿಲ್ಲವೆಂದು ಅಜ್ಜಿ ಗ್ರಾನ್ಯಾಳನ್ನು ಓಡಿಸಿದಳು. ಕೋಟು ಅಮ್ಮನ ಮೈಮೇಲಿತ್ತು. ಗ್ರಾನ್ಯಾ ಅಣ್ಣನ ಸ್ವೆಟರ್ ಹಾಕಿಕೊಂಡು ಗುಡ್ಡ ಹತ್ತಿದಳು. ವೃದ್ಧಾಶ್ರಮದ ಹಿಂಬಾಗಿಲಲ್ಲಿ ಅಡುಗೆಯ ಬ್ರೀಡಾ ಕೈ ಒರೆಸಿಕೊಳ್ಳುತ್ತ ಬಂದಳು. ಅಗಲ ಮೈ, ದೊಡ್ಡ ಗಂಟಲು.

"ಟ್ರೀಸಾ ಮಗಳಾ? ಬಾ ಒಳಗೆ, ಒದ್ದೆಯಾಗಿದೀಯ. ಒಂದು ಬಟ್ಟಲು ಸೂಪ್ ಕೊಡೋಣ ಅಂದ್ರೆ ಕೈ ಕಟ್ಟಿದೆ ಕಣಮ್ಮ. ಹೊಸ ವರ್ಷದಿಂದ ಹೊಸ ಮೇಲ್ವಿಚಾರಕ. ತಟ್ಟೆ ಎಣಿಸ್ತಾನೆ. ಕೆಲಸದವರು ಮನೆಯಿಂದ್ಲೇ ತರ್ಬೇಕು, ಇಲ್ಲಿಂದು ಮುಟ್ಟೋ ಹಂಗಿಲ್ಲ. ಉಳಿದದ್ದು ಚೆಲ್ಲೋದೇ."

ಗ್ರಾನ್ಯಾ ಸ್ವೆಟರಿನ ತೋಳಿನಿಂದ ಕನ್ನಡಕ ಒರೆಸಿದಳು. ಬ್ರೀಡಾ ಮುಂದುವರಿಸಿದಳು. "ನಿಮ್ಮಮ್ಮ ಪುಣ್ಯವಂತೆ. ಬೆಳಿಗ್ಗೆ ಮನೇಲಿ ಗಟ್ಟಿಯಾಗಿ ತಿಂದೇ ಬರ್ತಾಳಂತಲ್ಲ. ನಾನು ನನ್ನ ಬುತ್ತಿ ಬಿಚ್ಚಿ ಬಾ ಅಂದ್ರೆ, ನಂದು ಅಲ್ಲೇ ಆಯ್ತು ಅಂತಾಳೆ."

ಕಿಟಕಿಯಾಚೆ ಅಂಗಳದಲ್ಲಿ, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ ಟ್ರೀಸಾ ಕೂತಿದ್ದಳು. ಎರಡೂ ಕೈಯಲ್ಲಿ ಕಪ್ಪು. ಮಡಿಲಲ್ಲಿ ಏನೂ ಇರಲಿಲ್ಲ. ಗ್ರಾನ್ಯಾ ಕನ್ನಡಕವನ್ನು ಬ್ರೀಡಾಳ ಕೈಗಿಟ್ಟು ತಿರುಗಿದಳು. ತಿರುಗುವಾಗ ಗೋಡೆಗೆ ಅಂಟಿಸಿದ್ದ ವಾರದ ಊಟದ ಪಟ್ಟಿ ಕಣ್ಣಿಗೆ ಬಿತ್ತು.

ಮನೆಗೆ ಬಂದವಳು ಮಾಡಬಾರದ ಕೆಲಸ ಮಾಡಿದಳು. ಕಿಟಕಿಯ ಕಟ್ಟೆಯ ಮೇಲಿದ್ದ ಅಮ್ಮನ ಹಸಿರು ಪುಸ್ತಕ ತೆರೆದಳು.

ಸೋಮವಾರ: ಕುರಿಮಾಂಸದ ಸಾರು. ಮಂಗಳವಾರ: ಕೋಳಿ, ಚೆನ್ನಾಗಿ ನುರಿದ ಕ್ಯಾರೆಟ್. ಬುಧವಾರ: ಮೀನು, ಮುಳ್ಳು ತೆಗೆದದ್ದು, ಮೆತ್ತಗೆ ಬೇಯಿಸಿದ ಸೇಬು. ಗೋಡೆಯ ಮೇಲೆ ಇದ್ದದ್ದು ಇದ್ದ ಹಾಗೆಯೇ. ಮೂವತ್ತೆರಡು ಹಲ್ಲೂ ಗಟ್ಟಿಯಿರುವ ಅಮ್ಮ ಇಷ್ಟು ದಿನ ಬೊಚ್ಚುಬಾಯಿಯವರ ಊಟ ಬರೆಯುತ್ತಿದ್ದಳು. ಮಂಗಳವಾರ ಅವಳಿಗೆ ರಜೆ ಎನ್ನುವುದನ್ನೂ ಮರೆತಿದ್ದಳು.

ಗ್ರಾನ್ಯಾ ಅಜ್ಜಿಯ ಕಾಲಬಳಿ ಕೂತು ಹೇಳಿದಳು. ಅಜ್ಜಿ ಊರುಗೋಲಿನ ಹಿಡಿಯನ್ನು ತಿರುವಿದಳು.

"ಎಷ್ಟು ಸಲ ಕೇಳ್ತೀವಿ ಅವಳನ್ನ?" ಎಂದಳು.

"ಒಂದು ಸಲ. ನೀವೇ ಕೇಳೋದು."

"ಒಂದು ಸಲ. ನಾಯೀನೂ ಎರಡು ಸಲ ಕರೀತಾರೆ. ಮೊದಲು ನಾನು ಮೂರು ಸಲ ಕೇಳ್ತಿದ್ದೆ, ಅಲ್ವಾ? ಅವನು ಬಂದ ಮೇಲೆ ಪಾತ್ರೆ ತಳ ಕಾಣ್ತಿತ್ತು. ಎರಡನೇ ಸಲ ಕೇಳೋಕೆ ನಂಗೇ ಧೈರ್ಯ ಬರ್ಲಿಲ್ಲ. ಹೂಂ ಅಂದ್ಬಿಟ್ರೆ ಏನು ಹಾಕ್ಲಿ ಅಂತ." ಅವಳು ಮೂಗು ಒರೆಸಿಕೊಂಡಳು. "ನಿಮ್ಮ ತಾತ ಸಾಯೋ ತನಕ ನಂಗೆ ಆಲೂಗಡ್ಡೆ ಸಿಪ್ಪೆ ಅಂದ್ರೆ ಪ್ರಾಣ ಅಂತ ತಿಳ್ಕೊಂಡಿದ್ರು. ನಂಗೆ ಗೊತ್ತಾಗ್ಬೇಕಿತ್ತು ಕಣೇ. ಬೇರೆ ಯಾರಿಗೆ ಗೊತ್ತಾಗ್ಬೇಕಿತ್ತು?"

ಆ ಸಂಜೆ ಗ್ರಾನ್ಯಾ ಚಮಚ ಕಿತ್ತುಕೊಂಡಳು. "ಅಮ್ಮ, ನಿಂಗೆ?"

"ನಂದು ಅಲ್ಲೇ ಆಯ್ತು."

"ಒಂದು ಆಲೂಗಡ್ಡೆ?"

"ಬೇಡ ಅಂದ್ನಲ್ಲ."

"ಅರ್ಧ?"

"ಎಷ್ಟು ಸಲ ಹೇಳ್ಬೇಕೇ ನಿಂಗೆ?" ಎಂದು ಟ್ರೀಸಾ ಕಪ್ಪು ಕುಕ್ಕಿದಳು. ಡೆಕ್ಲನ್ ತಲೆಯೆತ್ತಿ ನೋಡಿದ. ಟ್ರೀಸಾ ಒಮ್ಮೆಲೇ ನಕ್ಕು, "ಹೊಟ್ಟೆ ಬಿರಿಯೋ ಹಾಗೆ ತಿಂದು ಬಂದಿದೀನಿ ಮಾರಾಯ್ತಿ," ಎಂದು ಹಿತ್ತಲಿಗೆ ಹೋದಳು. ಗ್ರಾನ್ಯಾ ಹಿಂದೆಯೇ ಹೋದಳು.

"ಬ್ರೀಡಾ ಹೇಳಿದ್ರು."

ಟ್ರೀಸಾ ಒಣಹಾಕಿದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಪಿಸುಮಾತಿನಲ್ಲಿ, "ಅವನಿಗೆ ಗೊತ್ತಾದ್ರೆ ನಾಳೆ ಬೆಳಿಗ್ಗೆ ಇರಲ್ಲ. ಆ ಗಾಜಿನ ಮೇಲಿನ ಹಿಮ ನೀನು ನೋಡಿಲ್ಲ, ನಾನು ನೋಡಿದೀನಿ. ಅವನ ತುಟಿ ನೀಲಿಯಾಗಿತ್ತು. ಈಗ ಮಲಗೋಕೆ ವ್ಯಾನೂ ಇಲ್ಲ. ಬಾಯಿ ಮುಚ್ಕೊಂಡಿರ್ತೀಯ, ಕೇಳಿಸ್ತಾ?"

"ನೀನು ಬಿದ್ದು ಹೋದ್ರೆ?"

"ನಾನ್ಯಾಕೆ ಬೀಳ್ತೀನಿ?"

ಶನಿವಾರ ಇದ್ದಿಲಿನ ಬಕೆಟ್ ಹಿಡಿದು ಬರುತ್ತಿದ್ದ ಟ್ರೀಸಾ ಮೆಟ್ಟಿಲ ಮೇಲೆ ದಢಕ್ಕನೆ ಕೂತುಬಿಟ್ಟಳು. ಡೆಕ್ಲನ್ ಓಡಿ ಬಂದ. "ಶೂ ದಾರ ಬಿಚ್ಚಿತ್ತು," ಎಂದಳು. ಅವಳ ಕಾಲಲ್ಲಿದ್ದದ್ದು ದಾರವೇ ಇಲ್ಲದ ಶೂ. ಅದು ಕಂಡದ್ದು ಗ್ರಾನ್ಯಾಳಿಗೆ ಮಾತ್ರ. ಅವಳು ಎರಡು ದಿನ ಮನೆಯಲ್ಲಿ ಒಂದು ಕಡೆ ನಿಲ್ಲಲಾರದೆ ಓಡಾಡಿದಳು. ಹೇಳಿದರೆ ಅಣ್ಣ ಹೋಗುತ್ತಾನೆ. ಹೇಳದಿದ್ದರೆ ಅಮ್ಮ.

ಮಂಗಳವಾರ ಮತ್ತೆ ಮುಂದಿನ ಕೋಣೆಗೆ ಬೆಂಕಿ. ಮತ್ತೆ ಫಿಡೆಲ್ಮಾ, ಮತ್ತೆ ಬೇಡ, ಬೇಡವೇ ಬೇಡ, ಹಾಗಾದ್ರೆ ಅರ್ಧ ಕಪ್ಪು. ನಾಲ್ಕು ಪುಸ್ತಕ ಜೋಡಿಸಿಕೊಂಡು ಅವಳು ಪುಟ ತಿರುವಿದಳು. ಟ್ರೀಸಾಳದಕ್ಕೆ ಬಂದಾಗ, "ಚೆನ್ನಾಗಿ ನೋಡ್ಕೋತಾರೆ ನಿಮ್ಮನ್ನ. ಮೀನಿನ ಮುಳ್ಳನ್ನೂ ತೆಗೆದು ಕೊಡ್ತಾರೆ," ಎಂದು ನಕ್ಕಳು. ಟ್ರೀಸಾಳೂ ನಕ್ಕಳು.

"ಕೊನೇದಾಗಿ ಒಂದೇ ಪ್ರಶ್ನೆ, ಮತ್ತೆ ಅದೇ. ಈ ಎರಡು ವಾರದಲ್ಲಿ ಯಾವುದಾದ್ರೂ ದಿನ ಸರಿಯಾದ ಊಟ ಇಲ್ಲದೆ ಕಳೆದ್ರಾ?"

"ಇಲ್ಲಪ್ಪ."

ಪೆನ್ನು ಕಾಗದಕ್ಕೆ ತಾಗಿತು.

"ಇನ್ನೊಂದು ಸಲ ಕೇಳಿ."

ಯಾರು ಮಾತಾಡಿದ್ದೆಂದು ಫಿಡೆಲ್ಮಾ ಸುತ್ತ ನೋಡಿದಳು. ಬಾಗಿಲ ಮೂಲೆಯಲ್ಲಿ ಗ್ರಾನ್ಯಾ ಎರಡೂ ಕೈಯಿಂದ ಪಾತ್ರೆ ಬಟ್ಟೆಯನ್ನು ಹಿಂಡುತ್ತಿದ್ದಳು. ಬಟ್ಟೆ ಒಣಗಿತ್ತು.

"ಒಂದು ಸಲ ಕೇಳಿದ್ರೆ ಇಲ್ಲಿ ಯಾರೂ ಹೂಂ ಅನ್ನಲ್ಲ," ಎಂದಳು. ಸ್ವರ ಎಲ್ಲಿಂದಲೋ ಬಂದ ಹಾಗಿತ್ತು. "ಟೀಗೆ ನೀವೂ ಅನ್ಲಿಲ್ಲ."

"ಗ್ರಾನ್ಯಾ, ಒಳಗೆ ಹೋಗು."

"ಹೋಗಲ್ಲ. ಕೇಳಿ ಅವಳನ್ನ."

ಫಿಡೆಲ್ಮಾ ತಡವರಿಸಿ ಮತ್ತೆ ಓದಿದಳು. "ಯಾವುದಾದ್ರೂ ದಿನ…"

"ಹೇಳಿದ್ನಲ್ಲ, ಇಲ್ಲ ಅಂತ!" ಟ್ರೀಸಾಳ ಕುತ್ತಿಗೆ ಕೆಂಪೇರಿತ್ತು. ಅಡುಗೆಮನೆಯ ಬಾಗಿಲಲ್ಲಿ ಡೆಕ್ಲನ್ ಬಂದು ನಿಂತಿದ್ದ. ಆ ಬಾಗಿಲು ಟ್ರೀಸಾಳ ಬೆನ್ನ ಹಿಂದಿತ್ತು, ಅವನು ಅವಳಿಗೆ ಕಾಣಲಿಲ್ಲ.

"ಇನ್ನೊಂದು ಸಲ ಕೇಳಮ್ಮ," ಎಂದಳು ನೋನಿಯಜ್ಜಿ ಬೆಂಕಿಯನ್ನೇ ನೋಡುತ್ತ. "ಕಾಗದ ನೋಡದೆ ಕೇಳು."

ಫಿಡೆಲ್ಮಾ ಪೆನ್ನು ಕೆಳಗಿಟ್ಟಳು. ಕಾಗದಗಳನ್ನೂ ಕೆಳಗಿಟ್ಟಳು. "ಟ್ರೀಸಾ, ಊಟ ಮಾಡಿದ್ರಾ?"

ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕುಸಿಯಿತು. ಟ್ರೀಸಾ ಉಂಗುರದ ದಾರವನ್ನು ಬೆರಳಿನಿಂದ ತಿರುಗಿಸುತ್ತಿದ್ದಳು.

"ಯಾವತ್ತಿಂದು ಬೇಕು ನಿಮಗೆ?" ಎಂದಳು.

ಮುಂದೆ ಆದದ್ದು ಬಹಳ ಬೇಗ ಆಯಿತು. ಡೆಕ್ಲನ್ ದಡದಡ ಮಹಡಿ ಹತ್ತಿದ. ಫಿಡೆಲ್ಮಾ ಕಣ್ಣು ಒರೆಸಿಕೊಂಡು ಗೀಟನ್ನು ತಿದ್ದಿ, ತಿದ್ದಬಹುದೇ ಎಂದು ಆಮೇಲೆ ಕೇಳಿ, ಕೊಡೆ ಮರೆತು ಹೋಗಿ, ವಾಪಸ್ ಬಂದು ತೆಗೆದುಕೊಂಡು ಹೋದಳು. ಮೇಲೆ ಬೀರುವಿನ ಬಾಗಿಲು ಬಡಿಯುತ್ತಿತ್ತು.

"ಬೇರೆಯವರ ಮುಂದೆ ನನ್ನ ಮಾನ ಕಳೆದೆ," ಎಂದಳು ಟ್ರೀಸಾ ಮಗಳಿಗೆ. "ಅವನನ್ನೂ ಕಳಿಸಿದೆ. ಸಮಾಧಾನ ಆಯ್ತಾ?"

ಗ್ರಾನ್ಯಾಳ ಪಾಲಿನ ಮಾತು ಮುಗಿದಿತ್ತು. ಹೋಗಿ ಆಲೂಗಡ್ಡೆ ಒಲೆಯ ಮೇಲಿಟ್ಟಳು.

ಆರು ಗಂಟೆಗೆ ಡೆಕ್ಲನ್ ಇಳಿದು ಬಂದ. ಮೆಟ್ಟಿಲ ಬುಡದಲ್ಲಿ ಚೀಲವಿಟ್ಟ. ನೇರ ಮುಂದಿನ ಕೋಣೆಗೆ ಹೋದ. ಅತಿಥಿಗಳಿಗೆಂದು ಇಟ್ಟ, ಮನೆಯವರು ಯಾರೂ ಕೂರದ, ಹಸಿರು ಮಖಮಲ್ಲಿನ ಕುರ್ಚಿ ಹೊತ್ತು ತಂದು ಅಡುಗೆಮನೆಯ ಮೇಜಿಗೆ ಒತ್ತಿದ.

"ಕೂತ್ಕೋ."

"ಅದು ಬಂದವರಿಗೆ ಅಂತ ಇಟ್ಟಿರೋದು ಕಣೋ."

"ಕೂತ್ಕೋ ಅಮ್ಮ."

"ಆ ಚೀಲ ಮೇಲೆ ಹೋದ್ರೆ ಕೂರ್ತೀನಿ."

"ನೀನು ತಿಂದ್ರೆ ಹೋಗುತ್ತೆ."

ಇಬ್ಬರೂ ನಿಂತೇ ಇದ್ದರು. ಅಪ್ಪನದೇ ಹಟ ಎಂದು ಅಜ್ಜಿ ಗೊಣಗಿದಳು. ಯಾರ ಅಪ್ಪ ಎಂದು ಯಾರೂ ಕೇಳಲಿಲ್ಲ. ಗ್ರಾನ್ಯಾ ಪಾತ್ರೆಯನ್ನು ಮೇಜಿನ ನಡುವೆ ಇಟ್ಟಳು. ಎಂಟು ಆಲೂಗಡ್ಡೆ, ಸಿಪ್ಪೆ ಒಡೆದು ಹಬೆಯಾಡುತ್ತಿದ್ದವು. ಅಜ್ಜಿ ಚಮಚವನ್ನು ಅವಳ ಕಡೆ ತಳ್ಳಿದಳು.

"ಅಮ್ಮ, ನಿಂಗೆ?"

"ಬೇಡ."

"ಅಮ್ಮ."

"ಬೇಡ ಅಂದೆ." ಆದರೆ ಕೈ ಕುರ್ಚಿಯ ಬೆನ್ನು ಹಿಡಿದಿತ್ತು.

"ಊಟ ಮಾಡಮ್ಮ."

ಟ್ರೀಸಾ ಮಖಮಲ್ಲಿನ ಅಂಚಿಗೆ, ಯಾರದೋ ಮನೆಗೆ ಬಂದವಳ ಹಾಗೆ, ಕೂತಳು. "ಒಂದೇ ಒಂದು. ಚಿಕ್ಕದು."

ಗ್ರಾನ್ಯಾ ದೊಡ್ಡದನ್ನೇ ಹಾಕಿದಳು. ಟ್ರೀಸಾ ಅದನ್ನು ಒಡೆದಳು, ಉಪ್ಪು ಉದುರಿಸಿದಳು, ಬೆಣ್ಣೆಯತ್ತ ನೋಡಿ ಬಿಟ್ಟಳು. ಅಜ್ಜಿ ಬೆಣ್ಣೆಯನ್ನು ಮುಂದೆ ಸರಿಸಿದಳು. ಡೆಕ್ಲನ್ ಕೂರಲಿಲ್ಲ. ಅವಳು ಮೊದಲ ತುತ್ತು ನುಂಗುವವರೆಗೆ ಕಣ್ಣು ಕೀಳದೆ ನೋಡಿದ. ಆಮೇಲೆ ಹೊರಗೆ ಹೋದ. ಚೀಲ ಎತ್ತಿದ ಸದ್ದು. ಮೂವರೂ ತಟ್ಟೆಯ ಮೇಲೆ ಕಣ್ಣಿಟ್ಟು, ಮುಂದಿನ ಹೆಜ್ಜೆ ಬೀದಿ ಬಾಗಿಲ ಕಡೆಗೋ ಮೆಟ್ಟಿಲ ಕಡೆಗೋ ಎಂದು ಕಿವಿಗೊಟ್ಟರು. ಮೂರನೇ ಮೆಟ್ಟಿಲು ಯಾವಾಗಲೂ ಕಿರುಗುಟ್ಟುತ್ತಿತ್ತು. ಕಿರುಗುಟ್ಟಿತು.

"ಅವನಿಗೆ ಎರಡು ಇಡು," ಎಂದಳು ಅಜ್ಜಿ. "ನಾಲ್ಕಲ್ಲ. ಎರಡು."

ಟ್ರೀಸಾ ತಟ್ಟೆ ನೋಡುತ್ತಲೇ ಕೈ ಚಾಚಿ ಪಾತ್ರೆಯಿಂದ ಇನ್ನೊಂದು ಆಲೂಗಡ್ಡೆ ತೆಗೆದುಕೊಂಡಳು. ಅವಳನ್ನು ಯಾರೂ ಕೇಳಿರಲಿಲ್ಲ.